ತಿಮ್ಮಕ್ಕ ಮೊಮ್ಮಗಳನ್ನು ತೂಗಿಸಿದ್ದು

ಅಜ್ಜಂಪುರದಾಚೆ ಒಂದು ಗೊಲ್ಲರಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆ ಮನೆಗಳು, ಮನೆಗೆ ಆತುಕೊಂಡೇ ಆಡು ಕೂಡಿಹಾಕುವ ರೊಪ್ಪ. ಮಟಮಟ ಮಧ್ಯಾಹ್ನ ಅಲ್ಲಿ ಗಾಳಿಗೂ ಜೋಂಪು ಹತ್ತುತ್ತೆ ಅನ್ನಿ. ಆ ಹೊತ್ತಿಗೆ ತಿಮ್ಮಕ್ಕ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿದರೆ ಸಾಕು, ಅದೇ ಕನಸು. ಕೂಸು ಹತ್ತಿ ಎಳೆಯ ಹಾಗೆ ಮಡಿಲಿಂದ ಎದ್ದು, ಬೇಲಿ ದಾಟಿ, ಕೆಮ್ಮಣ್ಣುಗುಂಡಿ ಕಡೆಯ ನೀಲಿ ಗುಡ್ಡದತ್ತ ತೇಲಿಹೋಗುತ್ತಿತ್ತು. ಕೈ ಚಾಚಿದರೆ ಬರೀ ಗಾಳಿ.

ಎಚ್ಚರವಾದಾಗ ಕೂಸು ಮಡಿಲಲ್ಲೇ ಇರುತ್ತಿತ್ತು. ಆದರೆ ಹಗುರವಾಗಿದ್ದು ಸುಳ್ಳಲ್ಲ. ಆಡುಮರಿ ಎತ್ತಿ ಎತ್ತಿ ಪಳಗಿದ ಕೈ ಅವಳದು. ಕೂಸು ಸೊರಗುತ್ತಿದೆ ಅಂತ ಕೈಗೆ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳೋಕೆ ಭಯ, ಅಷ್ಟೆ.

ಮತ್ತೆ, ತೂಕ ಮಾಡೋಕೆ ಬಂದ ಅಶ್ವಿನಿಯನ್ನು ಯಾಕೆ ಬೈದು ಕಳಿಸಿದಳು ಅಂತೀರಾ? ಅದನ್ನೂ ಹೇಳ್ತೀನಿ.

ಅಶ್ವಿನಿ ಕಡೂರಿನ ಹುಡುಗಿ. ಸಮಾಜಕಾರ್ಯ ಓದಿ, ಹಟ್ಟಿ ತಾಂಡಾಗಳಲ್ಲಿ ಮಕ್ಕಳ ಆರೋಗ್ಯ ನೋಡುವ ಕೆಲಸಕ್ಕೆ ಸೇರಿದವಳು. ಮನಸ್ಸು ಒಳ್ಳೇದು, ಅವಸರ ಜಾಸ್ತಿ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟಬಾರದು, ಅವತ್ತು ಅವಳು ಮೆಟ್ಟಿಕೊಂಡೇ ಬೇಲಿ ದಾಟಿದಳು. ರೊಪ್ಪದ ತೊಲೆಗೆ ತಕ್ಕಡಿ ನೇತುಹಾಕಿ, ಅದರ ಕೊಕ್ಕೆಗೆ ಬಟ್ಟೆಜೋಲಿ ಸಿಕ್ಕಿಸಿ, ತಿಮ್ಮಕ್ಕನ ಸೊಸೆ, ಕೂಸಿನ ತಾಯಿ ಅನುಷಾಳ ಕೈಯಿಂದ ಕೂಸನ್ನು ತಗೊಂಡು ಜೋಲಿಗೆ ಹಾಕೇಬಿಟ್ಟಳು. ತಿಮ್ಮಕ್ಕ ಓಡಿಬಂದು ಕೂಸನ್ನು ಬಾಚಿಕೊಂಡಳು. ಇನ್ನು ಈ ಕಡೆ ತಲೆ ಹಾಕಬೇಡ ಅಂದಳು. ಇದೆಂಥ ಮೂಢನಂಬಿಕೆಯೋ ಅಂತ ಗೊಣಗಿಕೊಂಡು ಅಶ್ವಿನಿ ಬಸ್ ಹತ್ತಿದಳು.

ಆದರೆ ಆ ಸೊರಗಿದ ಮುಖ ಅವಳನ್ನು ಬಿಡಲಿಲ್ಲವಂತೆ. ಮುಂದಿನ ವಾರ ಮತ್ತೆ ಬಂದಳು. ಈ ಸಲ ಚಪ್ಪಲಿ ಬೇಲಿಯಾಚೆ ಬಿಟ್ಟು, ಅಲ್ಲೇ ನಿಂತು ಕೂಗಿದಳು.

"ಅಜ್ಜೀ, ಒಳಗೆ ಬರಲಾ?"

ಹಾಗೆ ಕೇಳಿ ಬಂದ ಆಫೀಸಿನವರನ್ನು ತಿಮ್ಮಕ್ಕ ಕಂಡೇ ಇರಲಿಲ್ಲ. ಬಿಗುಮಾನ ಬಿಟ್ಟು ಒಳಗೆ ಕರೆದು, ಜಗಲಿ ಮೇಲೆ ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಅಶ್ವಿನಿ ಕುಡಿದು ಲೋಟ ಕೆಳಗಿಟ್ಟಳು.

"ಅವತ್ತು ನಾನೇನು ತಪ್ಪು ಮಾಡಿದೆ ಅಜ್ಜಿ? ಬೈದ್ರೂ ಪರವಾಗಿಲ್ಲ, ಹೇಳಿ."

"ಮರಿ ಕೊಳ್ಳೋ ಯಾಪಾರಿ ಅದೇ ತೊಲೆಗೆ ಅಂಥದ್ದೇ ಕೊಕ್ಕೆ ಹಾಕ್ತಾನೆ ಕಣವ್ವಾ. ಅದರಲ್ಲಿ ತೂಗಿದ ಮರಿ ಒಂದಾದ್ರೂ ರೊಪ್ಪಕ್ಕೆ ತಿರುಗಿ ಬಂದಿಲ್ಲ. ಅಂಥ ಕೊಕ್ಕೆಗೆ ನನ್ ಕೂಸನ್ನ ನೇತುಹಾಕಿದ್ಯಲ್ಲ ನೀನು."

ಅಶ್ವಿನಿಗೆ ಕಣ್ಣು ತುಂಬಿತು. ನನಗೆ ಹೊಳೆಯಲೇ ಇಲ್ಲ ಅಜ್ಜಿ, ತಪ್ಪಾಯ್ತು ಅಂದಳು. ಆಮೇಲೆ ಮೆಲ್ಲಗೆ, ಮಗು ಬಡವಾಗಿದೆ ಅಂತ ನಿಮಗೂ ಅನ್ನಿಸ್ತಿದೆಯಾ ಅಂತ ಕೇಳಿದಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ತಿಮ್ಮಕ್ಕನ ಬಾಯಿಂದ ಅಲ್ಲಿ ಹೊರಬಿತ್ತು. ಕನಸನ್ನೂ ಹೇಳಿಕೊಂಡಳು.

"ಕೊಕ್ಕೆ ಬೇಡ, ರೊಪ್ಪಾನೂ ಬೇಡ. ಕೂಸು ನಿಮ್ಮ ಕೈಯಲ್ಲೇ ಇರಲಿ," ಅಂದಳು ಅಶ್ವಿನಿ.

ಮಾರನೆ ದಿನ ನೆಲದ ಮೇಲಿಡುವ ತಕ್ಕಡಿ ತಂದಳು. ತಿಮ್ಮಕ್ಕ ತೋರಿಸಿದ ಜಾಗದಲ್ಲೇ ಇಟ್ಟಳು. ಮೊದಲು ಅಜ್ಜಿ ಒಬ್ಬಳೇ ನಿಂತಳು, ಆಮೇಲೆ ಕೂಸನ್ನು ಅವಚಿಕೊಂಡು ನಿಂತಳು. ಎರಡನೇ ತೂಕದಲ್ಲಿ ಮೊದಲನೇದನ್ನು ಕಳೆದಾಗ ಕೂಸಿನ ತೂಕ ಸಿಕ್ಕಿತು. ವಯಸ್ಸಿಗೆ ತಕ್ಕಷ್ಟು ಇರಲೇ ಇಲ್ಲ.

ಆಸ್ಪತ್ರೆಗೆ ಹೋಗೋಣ ಅಂತ ಅಶ್ವಿನಿ ಅಂದಾಗ ತಿಮ್ಮಕ್ಕನ ಗಂಡ ಬೀರಯ್ಯ ಅಡ್ಡ ಬಂದ. ಅಲ್ಲಿ ಕೂಸಿನ ಕೊರಳ ದೇವರ ದಾರ ಕಿತ್ತುಹಾಕ್ತಾರೆ ಅಂತ ಅವನ ಅನುಮಾನ. ಅಶ್ವಿನಿ ವಾದ ಹೂಡಲಿಲ್ಲ. ಎದುರಿಗೇ ತರೀಕೆರೆ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರನ್ನೇ ಕೇಳಿದಳು. ದಾರ ಇರಲಿ, ಮೊದಲು ಮಗು ಬರಲಿ ಅಂದರು ಅವರು. ಬೀರಯ್ಯನೇ ಕಂಬಳಿ ಹೊದೆಸಿ ಕೂಸನ್ನು ಎತ್ತಿಕೊಂಡು ಹೊರಟ.

ಕೆಲವು ವಾರ ಔಷಧಿ, ಆರೈಕೆ, ಅನುಷಾಳ ಹಾಲಿನ ಜೊತೆಗೆ ಮೆತ್ತಗಿನ ಊಟ ನಡೆಯಿತು. ಈಗಲೂ ಮಧ್ಯಾಹ್ನ ತಿಮ್ಮಕ್ಕನಿಗೆ ಜೋಂಪು ಹತ್ತುತ್ತೆ. ಕನಸಲ್ಲಿ ನೀಲಿ ಗುಡ್ಡವೇ ತೇಲಿಕೊಂಡು ಹಟ್ಟಿಗೆ ಬರುತ್ತೆ. ಕೂಸು ಮಾತ್ರ ಮಡಿಲು ಬಿಟ್ಟು ಅಲ್ಲಾಡಲ್ಲ. ಎಚ್ಚರವಾದರೆ ಅದರ ಭಾರಕ್ಕೆ ಅಜ್ಜಿಯ ಕಾಲು ಜೋಮು ಹಿಡಿದಿರುತ್ತೆ. ಆ ಜೋಮಿನಷ್ಟು ಸುಖ ಬೇರೊಂದಿಲ್ಲ ಅಂತಾಳೆ.

ಹಟ್ಟಿಗೆ, ತಾಂಡಾಕ್ಕೆ, ಕಾಡಂಚಿನ ಹಾಡಿಗೆ ಸೇವೆಗೆ ಹೋಗುವ ಅಕ್ಕಂದಿರೇ, ಅಣ್ಣಂದಿರೇ, ಬೇಲಿಯ ಹತ್ತಿರ ಒಂದು ಗಳಿಗೆ ನಿಲ್ಲಿ. ಒಳಗೆ ಬರಲಾ ಅಂತ ಕೇಳಿ. ಬೇಡ ಅಂದರೆ ಮೂಢನಂಬಿಕೆ ಅನ್ನಬೇಡಿ, ಯಾಕೆ ಅಂತ ಕೇಳಿ. ಹಟ್ಟಿಯ ತಾಯಂದಿರೇ, ಮನಸ್ಸಿಗೆ ಒಪ್ಪದ್ದನ್ನು ಬಾಯಿಬಿಟ್ಟು ಹೇಳಿ. ಕೂಸಿನ ತೂಕ ಮಾತ್ರ ತಪ್ಪಿಸಬೇಡಿ, ಬೇಕಾದರೆ ನೀವೇ ಎತ್ತಿಕೊಂಡು ನಿಲ್ಲಿ.