ಗುಡ್ಡದ ಮೇಲಿನ ಹಾಜರಿ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಕನ್ನಪ್ಪ, ಅಂಗಳಕ್ಕೆ ಬಂದ ಸುಷ್ಮಾ ಟೀಚರನ್ನು ಕಂಡು ಎದ್ದು ನಿಂತ. ಅದು ಸಾವಿನ ಮನೆಯೆಂದು ತಿಳಿದು ಟೀಚರ್ ಬಂದಿರಲಿಲ್ಲ.

"ಪ್ರತಿಮಾ ಮೂರು ದಿನದಿಂದ ಆನ್‌ಲೈನ್ ಕ್ಲಾಸಿಗೆ ಬಂದಿಲ್ಲ. ಹುಷಾರಿಲ್ವೇನೋ ಅಂತ ಬಂದೆ," ಎಂದರು ಮಾಸ್ಕ್ ಸರಿಮಾಡಿಕೊಳ್ಳುತ್ತ.

"ಅವ್ವ ಹೋಗ್ಬಿಟ್ಳು ಟೀಚರ್. ಆಚೆಮೊನ್ನೆ ಗುಡ್ಡ ಇಳಿಯೋವಾಗ ಜಾರಿ ಬಿದ್ದೋಳು, ಇವತ್ತು ಬೆಳಿಗ್ಗೆ ಉಸಿರು ಬಿಟ್ಲು." ಮಗಳ ವಿಷಯ ಅವನು ಎತ್ತಲೇ ಇಲ್ಲ.

"ಅಯ್ಯೋ, ಈ ವಯಸ್ಸಲ್ಲಿ ಗುಡ್ಡ ಯಾಕ್ ಹತ್ತಿದ್ರು?"

ಕನ್ನಪ್ಪ ಮತ್ತೆ ಹಗ್ಗ ಹಿಡಿದ. ಪಕ್ಕದ ಮನೆಯ ವರದಮ್ಮನಿಗೆ ಬಾಯಿ ಮುಚ್ಚಿಕೊಂಡು ಅಭ್ಯಾಸವಿಲ್ಲ. "ನಿಮ್ ಕ್ಲಾಸಿಗೇ ಟೀಚರ್! ನೀವು ಪ್ರತಿಮಾ ಅಂತ ಕೂಗಿದ್ರೆ ಹಾಜರ್ ಅಂತಿದ್ದೋಳು ಅವಳಜ್ಜಿ, ಈ ಗುತ್ಯಮ್ಮನೇ."

ನಾಲ್ಕು ತಿಂಗಳು ಆ ಗೊಗ್ಗರು ದನಿಯನ್ನು ಟೀಚರ್ ನೆಟ್‌ವರ್ಕಿನ ತಲೆಗೆ ಕಟ್ಟಿದ್ದರು. "ಹಾಗಾದ್ರೆ ಪ್ರತಿಮಾ ಎಲ್ಲಿ?"

ಅಷ್ಟರಲ್ಲಿ ರಿಪ್ಪನ್‌ಪೇಟೆಯಿಂದ ಆಟೋ ಬಂತು. ಅಳುತ್ತ ಇಳಿದ ಪ್ರತಿಮಾಳ ಕೊರಳಲ್ಲಿ ತಾಳಿಯಿತ್ತು. ಅವಳಿಗಿನ್ನೂ ಹದಿನೈದು.

* * *

ಲಾಕ್‌ಡೌನಿನಲ್ಲಿ ಇಪ್ಪತ್ತು ಜನ ಸಾಕು, ಶಾಲೆಯೂ ಇಲ್ಲ, ಒಳ್ಳೆ ಸಂಬಂಧ ಎಂದು ಕನ್ನಪ್ಪ ಮಗಳ ಮದುವೆ ಮುಗಿಸಿದ್ದ. ಮದುವೆ ಬೇಡವೆಂದು ಗುತ್ಯಮ್ಮ ಎರಡು ದಿನ ಊಟ ಬಿಟ್ಟಿದ್ದಳು. ಯಾರೂ ಕೇಳಲಿಲ್ಲ. ಗಂಡನ ಮನೆಗೆ ಹೊರಡುವ ಮುಂಚೆ ಪ್ರತಿಮಾ ಫೋನನ್ನು ಅಜ್ಜಿಯ ಕೈಗಿಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದಳು.

"ಹಾಜರಿ ತಪ್ಪಿದ್ರೆ ಹೆಸ್ರು ಹೊಡ್ದು ಹಾಕ್ತಾರೆ ಅಜ್ಜಿ."

"ನಾನಿಲ್ವಾ? ಶಾಲೆ ಬಾಗ್ಲು ತೆಗೀಲಿ, ನಿನ್ನ ಎಳ್ಕಂಡ್ ಬಂದು ಕೂರಿಸ್ತೀನಿ. ಅಲ್ಲೀವರೆಗಿನ ಪಾಠ ಎಲ್ಲಾ ಬರ್ದಿಟ್ಟಿರ್ತೀನಿ."

ಹೆಬ್ಬೆಟ್ಟು ಒತ್ತುವ ಮುದುಕಿಯ ಧೈರ್ಯ ನೋಡಿ! ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ಸಿಗ್ನಲ್ ಸಿಗುವ ಗುಡ್ಡಕ್ಕೆ ಹೊರಟುಬಿಡುತ್ತಿದ್ದಳು. ಕಾಡುಹಂದಿಗೆ ಹೆದರದವಳು, ಟೀಚರ್ ಹೆಸರು ಕರೆದಾಗ ಮಾತ್ರ ಬಂಡೆಯ ಮೇಲೆ ಎದ್ದು ನಿಲ್ಲುತ್ತಿದ್ದಳು.

* * *

ಹೆಣ ಎತ್ತುವ ಮುಂಚೆ ವರದಮ್ಮ ಆ ಚೀಲ ತಂದು ಪ್ರತಿಮಾಳ ಮಡಿಲಿಗಿಟ್ಟಳು. "ನಿಂಗೇ ಅಂತ ಬರ್ದಿದ್ದು, ತಗಾ."

ಪ್ರತಿಮಾ ನೋಟ್‌ಬುಕ್ ಬಿಡಿಸಿದಳು. ಬೋರ್ಡಿನ ಮೇಲಿದ್ದುದನ್ನು ಗುತ್ಯಮ್ಮ ರಂಗೋಲಿಯ ಹಾಗೆ ನೋಡಿ ನೋಡಿ ಇಳಿಸಿದ್ದಳು. ಫೋನಿನ ಪರದೆಯ ಮೂಲೆಯ ಸಮಯ, ಬ್ಯಾಟರಿಯ ಗುರುತು ಕೂಡ ಪ್ರತಿ ಪುಟದಲ್ಲೂ ಇದ್ದವು. ಟೀಚರ್ ಬಗ್ಗಿ ನೋಡಿದರು. ಅವರೇ ಮಾಡಿದ ಪಾಠ, ಒಂದು ಸಾಲೂ ಓದಲಾಗಲಿಲ್ಲ.

"ಇದನ್ನ ಓದ್ಕಂಡ್ರೆ ಪಾಸಾಗ್ಬಹುದಾ ಟೀಚರ್?"

ಸುಷ್ಮಾ ಟೀಚರ್ ನಾಚಿಕೆಯಿಂದ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡರು. ನಾಲ್ಕು ತಿಂಗಳಲ್ಲಿ ಒಂದು ಸಲವಾದರೂ ಮುಖ ತೋರಿಸು ಎಂದಿದ್ದರೆ!

"ಬೇಗ ಮುಗಿಸ್ಕಂಡ್ ಬಾ, ಹಾಲು ಕರೆಯೋ ಹೊತ್ತಿಗೆ ಮನೇಲಿರ್ಬೇಕು," ಎಂದಳು ಆಟೋದೊಳಗಿಂದಲೇ ಪ್ರತಿಮಾಳ ಅತ್ತೆ.

ಪ್ರತಿಮಾ ಕೊನೆಯ ಪುಟ ತಿರುಗಿಸಿದಳು. ಅಲ್ಲಿ ಅಕ್ಷರವೇ ಇರಲಿಲ್ಲ. ಸಿಗ್ನಲ್ ಹೋದಾಗ ಪರದೆಯ ನಡುವೆ ಸುಮ್ಮನೆ ತಿರುಗುತ್ತದಲ್ಲ, ಆ ಸುತ್ತು. ಅದನ್ನೂ ಪಾಠವೆಂದುಕೊಂಡ ಗುತ್ಯಮ್ಮ, ಪುಟದ ತುಂಬ ಸಾಲು ತಪ್ಪದೆ ಬರೆದಿಟ್ಟಿದ್ದಳು.