ಕೊಳೆಯಲಾರದ ಹೂಹಾಳೆ

ನಾನು ಒಂದು ಪ್ಲಾಸ್ಟಿಕ್ ಹಾಳೆ. ಮೂಗು ಮುರಿಯಬೇಡಿ, ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣಾಗುವ ಒಳ್ಳೆಯ ಮನೆತನದವನು. ಮೆಕ್ಕೆಜೋಳದ ಸಕ್ಕರೆಯಿಂದ ತಯಾರಾದ ಬಿಳಿ ಕಾಳುಗಳನ್ನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ಕರಗಿಸಿದಾಗ ನಾನು ಹುಟ್ಟಿದೆ. ಕರಗಿಸಿದವಳು ಕಸ್ತೂರಿ, ಡಾಕ್ಟರೇಟ್‌ಗೆ ಓದುತ್ತಿದ್ದ ಹುಡುಗಿ. ಬುದ್ಧಿ ಚುರುಕು, ತಾಳ್ಮೆ ಮಾತ್ರ ಸೊನ್ನೆ.

ನನ್ನ ಮೈಯೆಲ್ಲ ಉದ್ದುದ್ದ ಎಳೆಗಳು. ಕಾದಾಗ ಸಿಕ್ಕುಸಿಕ್ಕಾಗುತ್ತವೆ. ನಿಧಾನವಾಗಿ ಆರಲು ಬಿಟ್ಟರೆ ಮಡಿಚಿಕೊಂಡು, ಒಂದು ಬಿಂದುವಿನಿಂದ ಸುತ್ತಲೂ ಹರಡಿ ಹರಳಿನ ಹೂವಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣದ ರಂಗೋಲಿ! ಆದರೆ ಕಸ್ತೂರಿ ನನ್ನನ್ನು ಕರೆಂಟಿನಿಂದ ಕಾಯುವ ತಟ್ಟೆಯಿಂದ ಎತ್ತಿದವಳೇ ಫ್ಯಾನಿನ ಕೆಳಗೆ ಹಿಡಿಯುತ್ತಿದ್ದಳು, ಸಾಲದ್ದಕ್ಕೆ ಬಾಯಿಂದ ಊದುತ್ತಿದ್ದಳು. ಬಿಸಿ ಚಹಾ ಎಂದುಕೊಂಡಿದ್ದಳೋ ಏನೋ. ಎಳೆಗಳಿಗೆ ಸರಿಯಾಗಿ ಕೂರಲು ಪುರಸೊತ್ತೇ ಇರಲಿಲ್ಲ.

"ಏನವಾ ಇದು, ಉಪ್ಪಿಟ್ಟಿನ ರವಾ ಇದ್ದಂಗ ಕಾಣ್ತದ," ಎಂದರು ಅವಳ ಮಾರ್ಗದರ್ಶಕ ಹಂಚಿನಮನಿ ಸರ್. "ದೀಪಾವಳಿಯೊಳಗ ಹೂವಿನ ಫೋಟೋ ಬರಲಿಲ್ಲಂದ್ರ ವಿಷಯಾನ ಬದಲಿಸು."

ಅಂದರೆ ವರ್ಷಗಟ್ಟಲೆ ದುಡಿದದ್ದು ನೀರಿನಲ್ಲಿ ಹೋಮ. ಕಸ್ತೂರಿ ಅತ್ತಳು. ಕಣ್ಣೊರೆಸಿಕೊಂಡು ನನ್ನನ್ನು ಮತ್ತೆ ಕರಗಿಸಿದಳು, ಮತ್ತೆ ಊದಿದಳು!

ಆಯುಧ ಪೂಜೆಯ ದಿನವೂ ಮೆಲ್ಲಗೆ ಬಂದು ನನ್ನನ್ನು ಕಾಯಲಿಟ್ಟಳು. ಅಷ್ಟರಲ್ಲಿ ಸರ್ ಕುಂಕುಮ, ತೆಂಗಿನಕಾಯಿ ಹಿಡಿದು ಬಂದು ಮೇನ್ ಸ್ವಿಚ್ಚನ್ನೇ ಆರಿಸಿದರು. "ಇವತ್ತ ಮಷೀನಿಗೆ ವಿಶ್ರಾಂತಿ. ಯಾರೂ ಮುಟ್ಟಬ್ಯಾಡ್ರಿ."

ತಟ್ಟೆಯ ಸುತ್ತ ಚೆಂಡುಹೂವಿನ ಮಾಲೆ ಬಿತ್ತು. ಮುಚ್ಚಳದೊಳಗೆ ನಾನು. ಕಸ್ತೂರಿಯ ಕೈ ಚಡಪಡಿಸುತ್ತಿತ್ತು, ಆದರೆ ಮುಟ್ಟುವಂತಿಲ್ಲ, ಫ್ಯಾನೂ ಇಲ್ಲ. ಮಂಗಳಾರತಿಯಾಗಿ ಚುರುಮುರಿ ಹಂಚುವಷ್ಟರಲ್ಲಿ ತಟ್ಟೆಯ ಜೊತೆ ನಾನೂ ನಿಧಾನವಾಗಿ ಆರಿದೆ. ಅಬ್ಬಾ, ಅದೇನು ಸುಖ!

ರಜೆ ಮುಗಿಸಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಕಿರುಚಿಯೇ ಬಿಟ್ಟಳು. "ಸರ್ರ, ಹೂವು!"

"ನಾ ಹೇಳಿರಲಿಲ್ಲೇನು, ತಾಳ್ಮಿ ಬೇಕಂತ?" ಎಂದರು ಸರ್. ಅವರು ಯಾವತ್ತೂ ಹೇಳಿರಲಿಲ್ಲ.

ಫೋಟೋ ಅಚ್ಚಾಯಿತು. ಉಳಿದದ್ದು ಪ್ರಬಂಧದ ಕೊನೆಯ ಅಧ್ಯಾಯ: ನಾನು ಮಣ್ಣಲ್ಲಿ ಕೊಳೆಯುವುದನ್ನು ತೋರಿಸಬೇಕು. ಕಸ್ತೂರಿ ನನ್ನನ್ನು ಗಾಜಿನಿಂದ ಬಿಡಿಸಿ ವರಾಂಡದ ಮೂಲೆಯ ಕುಂಡದಲ್ಲಿ ಹೂತಳು. ಫಜೀತಿ ಶುರುವಾದದ್ದೇ ಅಲ್ಲಿ. ನನ್ನ ಜೊತೆ ಹೂತ, ಅವಳು ಊದಿ ಆರಿಸಿದ ಬೇರೆ ಹಾಳೆಗಳೆಲ್ಲ ಬೇಗನೆ ಮಣ್ಣಾದವು. ಒತ್ತಾಗಿ ಹರಳುಗಟ್ಟಿದ ನನ್ನ ಮೈಯನ್ನು ಮಾತ್ರ ಸೂಕ್ಷ್ಮಜೀವಿಗಳು ಮೂಸಿ ನೋಡಿ ಹೊರಟುಹೋಗುತ್ತವೆ.

ಈಗ ಕಸ್ತೂರಿ ಆಗಾಗ ಬಂದು ಮಣ್ಣು ಕೆದಕುತ್ತಾಳೆ. "ಕೊಳಿಯೋ ಮಾರಾಯಾ, ನಿನ್ನ ಕಾಲಾಗ ನನ್ನ ಡಾಕ್ಟರೇಟ್ ನಿಂತದ!" ಎಂದು ಬೈಯುತ್ತಾಳೆ. ಬೈದವಳೇ ದುಪಟ್ಟಾದ ತುದಿಯಿಂದ ನನ್ನನ್ನು ಒರೆಸಿ, ಬೆಳಕಿಗೆ ಹಿಡಿಯುತ್ತಾಳೆ. "ಎಷ್ಟು ಚಂದ ಅದೀಯೋ," ಎಂದು ಮತ್ತೆ ಹೂಳುತ್ತಾಳೆ.

ಅವಳಿಗಾಗಿಯಾದರೂ ಬೇಗ ಮಣ್ಣಾಗಬೇಕೆಂದು ನನಗೆ ನಿಜವಾಗಿಯೂ ಆಸೆ. ಆದರೆ ಹಾಗೆ ಎತ್ತಿ ನೋಡಿದ ದಿನ, ಇನ್ನೊಂದು ವಾರ ಇದ್ದುಬಿಡೋಣ ಅನಿಸುತ್ತದೆ.