ಇನ್ನೊಂಚೂರು ಹೊಳಪು

“ಇನ್ನೊಂಚೂರು ಹೊಳೀಬೇಕು ಕಣಮ್ಮಾ,” ಎಂದರು ಪ್ರೊಫೆಸರ್ ಲಕ್ಷ್ಮೀನರಸಿಂಹ, ತಮ್ಮ ಸಂಶೋಧನಾ ವಿದ್ಯಾರ್ಥಿನಿ ವರ್ಷಿಣಿಯ ಕುರ್ಚಿಯ ಹಿಂದೆ ನಿಂತು. ಮೂರು ದಿನದಲ್ಲಿ ಈ ಮಾತು ಎಷ್ಟನೆಯ ಸಲವೋ.

ಕಂಪ್ಯೂಟರಿನ ಪರದೆಯ ಮೇಲಿದ್ದದ್ದು ಒಂದು ಪ್ರೋಟೀನು, ಬದನೆ ಗಿಡವನ್ನು ಸೊರಗಿಸುವ ಬ್ಯಾಕ್ಟೀರಿಯಾದ್ದು. ಅದರ ಹೊಟ್ಟೆಯಲ್ಲೊಂದು ಗುಳಿ. ಔಷಧದ ಪುಟ್ಟ ಅಣುವೊಂದು ಆ ಗುಳಿಯಲ್ಲಿ ಹೋಗಿ ಕೂತರೆ ಬ್ಯಾಕ್ಟೀರಿಯಾದ ಆಟ ಮುಗಿಯಿತು. ಅದು ಹೇಗೆ ಕೂರುತ್ತದೆಂದು ಕಂಡುಹಿಡಿಯಲು ಪ್ರೊಫೆಸರರಿಗೆ ಆರು ವರ್ಷ ಹಿಡಿದಿತ್ತು. ಪ್ರಬಂಧವನ್ನು ಹೊರದೇಶದ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಒಳ್ಳೆಯ ಚಿತ್ರ ಕಳಿಸಿದರೆ ಮುಖಪುಟಕ್ಕೇ ಹಾಕುತ್ತೇವೆ ಎಂದೂ ಬರೆದಿತ್ತು. ನಿವೃತ್ತಿಗೆ ನಾಲ್ಕೇ ತಿಂಗಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ಮುಖಪುಟ ಇದೇ ಮೊದಲು. ಸುದ್ದಿ ಬಂದ ಸಂಜೆಯೇ ಅವರು ಫ್ರೇಮ್ ಹಾಕುವ ಅಂಗಡಿಗೆ ಹೋಗಿ ಅಳತೆ ಕೊಟ್ಟು ಬಂದಿದ್ದರು.

ಚಿತ್ರ ಬಿಡಿಸುವುದು ಕಂಪ್ಯೂಟರೇ. ದೀಪ ಎಲ್ಲಿದೆ, ಪ್ರೋಟೀನು ಗಾಜಿನದೋ ಲೋಹದ್ದೋ ಮಣ್ಣಿನದೋ ಎಂದು ಹೇಳಿಬಿಟ್ಟರೆ ಸಾಕು, ಬೆಳಕಿನ ಒಂದೊಂದು ಕಿರಣವೂ ಎಲ್ಲಿ ಬಡಿಯಿತು, ಎಲ್ಲಿ ಪುಟಿಯಿತು ಎಂದು ಬೆನ್ನುಹತ್ತಿ ಹೋಗಿ ಇಪ್ಪತ್ತು ನಿಮಿಷಕ್ಕೊಂದು ಚಿತ್ರ ಕೊಡುತ್ತಿತ್ತು. ಮೊದಲ ದಿನ ಪ್ರೊಫೆಸರರು ಗಾಜು ಬೇಕೆಂದರು. ಮರುದಿನ ಚಿನ್ನ. ಇವತ್ತು ಚಿನ್ನದ ಮೇಲೆ ಗಾಜಿನ ಲೇಪ, ಸುತ್ತ ನಾಲ್ಕು ದೀಪ.

“ಸರ್, ಬೆಳಕೆಲ್ಲಾ ವಾಪಸ್ ಕಣ್ಣಿಗೇ ಹೊಡೀತಿದೆ. ಗುಳಿ ಕಾಣ್ತಾನೇ ಇಲ್ಲ,” ಎಂದಳು ವರ್ಷಿಣಿ.

“ದಸರಾಗೆ ಯಾರಾದ್ರೂ ಒಂದೇ ಕಡೆ ದೀಪ ಹಾಕ್ತಾರೇನಮ್ಮಾ? ಹಾಕು, ಹಾಕು.”

ಲ್ಯಾಬು ಗುಡಿಸುವ ಪ್ರೇಮಮ್ಮ ಟೀ ತಂದಿಟ್ಟು ಪರದೆಯನ್ನೇ ನೋಡುತ್ತ ನಿಂತಳು. “ಇದೇನ್ ಸಾ, ಜಾಮೂನಾ? ಪಾಕ ಚೆನ್ನಾಗಿ ಕುಡ್ದದೆ ಬುಡಿ.”

“ಪ್ರೋಟೀನು ಪ್ರೇಮಮ್ಮ ಅದು!”

“ಔದಾ? ಅಂಗಾದ್ರೆ ಶುಗರ್ ಇರೋರೂ ತಿನ್ಬೋದಾ?”

ವರ್ಷಿಣಿ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಪ್ರೇಮಮ್ಮನಿಗೆ ವಿಜ್ಞಾನ ಗೊತ್ತಿಲ್ಲ, ಅವಳ ಮಾತಿಗೇನು ಎಂದುಕೊಂಡು ಪ್ರೊಫೆಸರರು ಚಿತ್ರವನ್ನು ಹೆಂಡತಿ ಅಂಬುಜಾಗೆ ಕಳಿಸಿದರು. ಆಕೆ ಸಸ್ಯಶಾಸ್ತ್ರ ಓದಿದವರು. ಉತ್ತರ ತಕ್ಷಣ ಬಂತು: “ಚೆನ್ನಾಗಿದೆ. ಎಲ್ಲಿ ಸಿಕ್ತು? ಬರ್ತಾ ಅರ್ಧ ಕೆಜಿ ತನ್ನಿ.”

ಪ್ರೊಫೆಸರರ ಮುಖ ಇಳಿದುಹೋಯಿತು. ಗಂಟೆ ಮೂರು, ಚಿತ್ರ ಕಳಿಸಲು ಐದರ ಗಡುವು. “ನಿಂಗೆ ಹೇಗೆ ಬೇಕೋ ಹಾಗೇ ಮಾಡ್ಕೊಳ್ಳಮ್ಮಾ,” ಎಂದು ಮುನಿಸಿಕೊಂಡು ಸ್ಟೂಲ್ ಎಳೆದು ಕೂತರು.

ವರ್ಷಿಣಿ ಮೂರು ದಿನದಿಂದ ಈ ಮಾತಿಗೇ ಕಾದಿದ್ದಳು. ಚಿನ್ನ ತೆಗೆದಳು, ಗಾಜು ತೆಗೆದಳು, ಮೂರು ದೀಪ ಆರಿಸಿದಳು. ಪ್ರೋಟೀನಿಗೆ ಸುಟ್ಟ ಮಣ್ಣಿನ ಮಂಕು ಮೈ ಕೊಟ್ಟು, ಉಳಿದೊಂದು ದೀಪವನ್ನು ಎಡಕ್ಕೆ, ತಗ್ಗಿಗೆ ಇಳಿಸಿದಳು. ಚಿತ್ರ ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯತೊಡಗಿತು. ಉಬ್ಬುಗಳೆದ್ದವು, ತಗ್ಗುಗಳಲ್ಲಿ ನೆರಳು ನಿಂತಿತು, ನಡುವೆ ಗುಳಿ ಬಾಯಿ ತೆರೆಯಿತು. ಅದರೊಳಗೆ ಔಷಧದ ಅಣು ಸ್ಪಷ್ಟವಾಗಿ ಕೂತಿತ್ತು.

“ಅಬ್ಬಾ!” ಎಂದು ಪ್ರೊಫೆಸರರು ಮೂಗು ಪರದೆಗೆ ತಗಲುವಷ್ಟು ಬಗ್ಗಿದರು. ಆಮೇಲೆ ಅವರ ಕಣ್ಣು ಅಣುವಿನ ಒಂದು ತುದಿಯಲ್ಲಿ ನಿಂತುಬಿಟ್ಟಿತು.

ಆ ಅಣುವಿನ ತುದಿಯಲ್ಲಿ ಆರು ಪರಮಾಣುಗಳ ಒಂದು ಉಂಗುರವಿತ್ತು. ಅಣುವಿನ ಉಳಿದ ಭಾಗದ ನೆರಳೆಲ್ಲ ಗುಳಿಯ ಗೋಡೆಯ ಮೇಲೆ ಬಿದ್ದಿತ್ತು. ಉಂಗುರದ ಅರ್ಧಕ್ಕೆ ಮಾತ್ರ ನೆರಳೇ ಇಲ್ಲ. ಆ ಅರ್ಧ ಗೋಡೆಯ ಮುಂದಿರಲಿಲ್ಲ, ಗೋಡೆಯೊಳಗೇ ಹೂತುಹೋಗಿತ್ತು. ಸಿಟಿ ಬಸ್ಸಿನಲ್ಲಾದರೆ ಒಬ್ಬರ ಮೇಲೊಬ್ಬರು ಕೂತಾರು. ಪರಮಾಣುಗಳು ಹಾಗೆ ಕೂರುವುದಿಲ್ಲ. ಯುಗಾದಿ ಹೊತ್ತಿನಲ್ಲಿ ಕಂಪ್ಯೂಟರಿನ ಮಾದರಿಯಲ್ಲಿ ಆ ಉಂಗುರವನ್ನು ಅಲ್ಲಿ ಕೂರಿಸಿದವರು ಸ್ವತಃ ಪ್ರೊಫೆಸರರೇ.

“ಸರ್, ಚೆಕ್ ಮಾಡೋ ಪ್ರೋಗ್ರಾಮು ಆವತ್ತೇ ಇಲ್ಲಿ ಕೆಂಪು ಗುರುತು ಹಾಕಿತ್ತು,” ಎಂದಳು ವರ್ಷಿಣಿ ಮೆಲ್ಲಗೆ.

“ಹೂಂ. ಅದು ಎಲ್ಲಾದಕ್ಕೂ ಹಾಕುತ್ತೆ ಬಿಡು ಅಂದಿದ್ದೆ.”

ವರ್ಷಿಣಿ ಮೌಸಿನ ಮೇಲಿಂದ ಕೈ ತೆಗೆದಳು. ಆಮೇಲೆ ಅವಳೇ ಹೇಳಿದಳು: “ಮತ್ತೆ ಚಿನ್ನ, ಗಾಜು ಹಾಕಿದ್ರೆ ಇದು ಕಾಣಲ್ಲ ಸರ್. ಯಾರಿಗೂ.”

ಹುಡುಗಿ ಸಲಹೆ ಕೊಡುತ್ತಿದ್ದಾಳೋ ತಮ್ಮನ್ನು ಪರೀಕ್ಷಿಸುತ್ತಿದ್ದಾಳೋ ಅವರಿಗೆ ತಿಳಿಯಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕೊಳೆ ಇರಲಿಲ್ಲ, ಆದರೂ ಒರೆಸಿದರು. ಬರಿಯ ಹೊಳಪು ತಾನೇ? ಮೂರು ದಿನದಿಂದ ತಾವೇ ಕೇಳಿದ್ದು. ಐದಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು.

“ಎಲ್ಲೋ ಯಾರೋ ನಮ್ಮ ಪ್ರಬಂಧ ನಂಬ್ಕೊಂಡು ಔಷಧ ಮಾಡೋಕೆ ಹೊರಡ್ತಾರೆ ಕಣಮ್ಮಾ,” ಎಂದರು ಕೊನೆಗೆ. “ಮೂರು ವರ್ಷ ಈ ಗೋಡೆಗೆ ತಲೆ ಚಚ್ಕೋತಾರೆ. ದೀಪ ಅಲ್ಲೇ ಇರ್ಲಿ.”

ಸಂಪಾದಕರಿಗೆ ಎರಡೇ ಬೆರಳಲ್ಲಿ ಪತ್ರ ಕುಟ್ಟಿದರು. ತಪ್ಪಾಗಿದೆ, ತಪ್ಪು ನನ್ನದು, ತಿದ್ದಲು ಎರಡು ವಾರ ಬೇಕು. ‘ಸಣ್ಣ ತಪ್ಪು’ ಎಂದು ಬರೆಯಿರಿ ಎಂದಳು ವರ್ಷಿಣಿ. ಬರೆದರು, ಓದಿ ನೋಡಿ ‘ಸಣ್ಣ’ವನ್ನು ಅಳಿಸಿದರು.

ಐದಕ್ಕೆ ಮೊದಲೇ ಉತ್ತರ ಬಂತು. ಧನ್ಯವಾದ, ತಿದ್ದಿದ ಪ್ರಬಂಧ ಮುಂದಿನ ಸಂಚಿಕೆಯ ಒಳಪುಟದಲ್ಲಿ ಬರುತ್ತದೆ, ಮುಖಪುಟ ಮಾತ್ರ ಕಾಯಲಾರದು.

“ಯಾರಿಗೆ ಹೋಯ್ತಂತೆ ಸರ್ ಮುಖಪುಟ?”

“ಯಾವ್ದೋ ಬಸವನಹುಳದ ಪ್ರೋಟೀನಿಗಂತೆ.” ಬಸವನಹುಳವೇ ಖುದ್ದಾಗಿ ಬಂದು ತಮ್ಮ ಜಾಗ ಕಿತ್ತುಕೊಂಡ ಹಾಗಿತ್ತು ಅವರ ದನಿ.

ವರ್ಷಿಣಿ ಉಂಗುರವನ್ನು ಗೋಡೆಯಿಂದ ಬಿಡಿಸಿ ಮಗ್ಗುಲು ತಿರುಗಿಸಿದಳು. ಸರಿಯೋ ತಪ್ಪೋ ಎಂದು ತಿಳಿಯಲು ಇನ್ನೂ ಬಹಳ ಲೆಕ್ಕ ಹಾಕಬೇಕಿತ್ತು. ಪ್ರೊಫೆಸರರು ಎದ್ದು ಬಂದು, “ನೀನು ಸ್ಟೂಲಿಗೆ ಹೋಗಮ್ಮಾ,” ಎಂದು ಅವಳ ಕುರ್ಚಿಯಲ್ಲಿ ಕೂತರು. “ಆ ದೀಪ ಹೇಗೆ ಸರಿಸೋದು?”

ಅವಳು ಒರಟು ಕರಡು ಚಿತ್ರದಲ್ಲಿ ತೋರಿಸಿದಳು; ಅದರಲ್ಲಿ ದೀಪ ಸರಿದಂತೆ ನೆರಳೂ ಕೂಡಲೇ ಸರಿಯುತ್ತಿತ್ತು. ಅವರು ನಾಲಿಗೆ ಕಚ್ಚಿಕೊಂಡು, ತುಂಬಿದ ಬಟ್ಟಲು ಹಿಡಿದವರಂತೆ ಮೌಸನ್ನು ಸರಿಸಿದರು.

“ಇನ್ನೂ ಕೆಳಗೆ ಹೋಗುತ್ತಾ?”

“ಹೋಗುತ್ತೆ ಸರ್.”

ದೀಪ ಇಳಿಯಿತು. ಗುಳಿಯ ಗೋಡೆಯ ಮೇಲೆ ಆರು ಮೂಲೆಯ ಒಂದು ಇಡೀ ನೆರಳು ನಿಧಾನವಾಗಿ ಮೇಲೇರತೊಡಗಿತು.